ಗುಂಡಿನ ದೂರ, ಚೂರಿಯ ದೂರ

ಮೊಗಲ್ ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಒಂದು ನೀಲಗಾಯಿಯ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಅದು ಅವನಿಗೆ ಹೊಸ ಮೃಗವೇನೂ ಆಗಿರಲಿಲ್ಲ. ಹಿಂದಿನ ಎರಡು ವರ್ಷಗಳಲ್ಲೂ ಅದು ಗುಂಡು ತಿಂದು, ಗಾಯದೊಂದಿಗೇ ತಪ್ಪಿಸಿಕೊಂಡು ಹೋಗಿತ್ತೆಂದು ಬೇಟೆಬಯಲಿನ ಕಾವಲುಗಾರ ಗುರುತು ಹಿಡಿದು ಹೇಳಿದ. ಬಾದಶಹ ಆ ದಿನ ಮತ್ತೆ ಮೂರು ಗುಂಡು ಹಾರಿಸಿದ. ಒಂದೂ ಮರ್ಮಕ್ಕೆ ನಾಟಲಿಲ್ಲ. ನೀಲಗಾಯಿ ಓಡಿತು. ಇಡೀ ಹಿಂದೂಸ್ತಾನದ ಒಡೆಯ ಕಾಲ್ನಡಿಗೆಯಲ್ಲಿ ಅದರ ಬೆನ್ನು ಹತ್ತಿದ. ಮೂರು ಕೋಸು, ಅಂದರೆ ಸುಮಾರು ಹತ್ತು ಕಿಲೋಮೀಟರು ನಡೆದರೂ ಅದು ಕೈಗೆ ಸಿಗಲಿಲ್ಲ. ಕೊನೆಗೆ ಅವನು ಹರಕೆ ಹೊತ್ತ. ಈ ಮೃಗ ಬಿದ್ದರೆ ಅದರ ಮಾಂಸವನ್ನು ಅಡುಗೆ ಮಾಡಿಸಿ ಖ್ವಾಜಾ ಮುಈನುದ್ದೀನರ ಹೆಸರಿನಲ್ಲಿ ಬಡವರಿಗೆ ಬಡಿಸುತ್ತೇನೆ, ತಂದೆ ಅಕ್ಬರನ ಹೆಸರಿನಲ್ಲಿ ಒಂದು ಮೊಹರು ಮತ್ತು ಒಂದು ರೂಪಾಯಿ ತೆಗೆದಿಡುತ್ತೇನೆ ಎಂದುಕೊಂಡ. ಸ್ವಲ್ಪ ಹೊತ್ತಿನಲ್ಲಿ ನಡೆದು ನಡೆದು ದಣಿದ ನೀಲಗಾಯಿ ಸೋತು ನಿಂತಿತು. ಬಾದಶಹ ಓಡಿಹೋಗಿ ಅದರ ತಲೆಯ ಬಳಿ ನಿಂತು, ಅಲ್ಲೇ ಹಲಾಲ್ ಮಾಡಿಸಿದ. ಹರಕೆಯನ್ನೂ ತೀರಿಸಿದ.

ಈ ಪ್ರಸಂಗವನ್ನು ಓದಿದವರಿಗೆ ಸಾಮಾನ್ಯವಾಗಿ ನೆನಪಿನಲ್ಲಿ ಉಳಿಯುವುದು ಆ ಹರಕೆ. ನನಗೆ ಉಳಿದದ್ದು ಆ ಹಿಂದಿನ ಎರಡು ವರ್ಷಗಳು. ಮೈಯೊಳಗೆ ಗುಂಡು ಇಟ್ಟುಕೊಂಡು ಒಂದು ಪ್ರಾಣಿ ಎರಡು ಮಳೆಗಾಲ, ಎರಡು ಬೇಸಗೆ ಕಳೆದಿತ್ತು. ಬೇಟೆಗಾರ ಹಾರಿಸಿದ ಗುಂಡಿಗೆ ಸಾಮಾನ್ಯವಾಗಿ ಎರಡೇ ಫಲ ಎಂದು ನಾವು ಭಾವಿಸುತ್ತೇವೆ, ಬಿತ್ತು ಅಥವಾ ತಪ್ಪಿತು. ಮೂರನೆಯದೂ ಒಂದಿದೆ. ಅದೇ ಈ ಲೇಖನದ ವಿಷಯ.

ಜಹಾಂಗೀರನನ್ನು ದಯಾಳುವೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಹನ್ನೆರಡನೆಯ ವಯಸ್ಸಿನಿಂದ ಐವತ್ತನೆಯ ವಯಸ್ಸಿನವರೆಗೆ ತನ್ನ ಸಮ್ಮುಖದಲ್ಲಿ 28,532 ಮೃಗಪಕ್ಷಿಗಳು ಬೇಟೆಯಾದವು, ಅವುಗಳಲ್ಲಿ 17,167 ತನ್ನ ಕೈಯಿಂದಲೇ ಸತ್ತವು ಎಂದು ಅವನೇ ಲೆಕ್ಕ ಬರೆಸಿದ್ದಾನೆ. ಇನ್ನೊಂದು ಸಲ ನೀಲಗಾಯಿಯೊಂದಕ್ಕೆ ಗುರಿ ಹಿಡಿದಿದ್ದಾಗ ಒಬ್ಬ ಕುದುರೆ ಆಳು ಮತ್ತು ಇಬ್ಬರು ಕಹಾರರು ಅಡ್ಡ ಬಂದರು, ಮೃಗ ಓಡಿಹೋಯಿತು. ಕುದುರೆ ಆಳನ್ನು ಸ್ಥಳದಲ್ಲೇ ಕೊಲ್ಲಿಸಿ, ಕಹಾರರ ಕಾಲಿನ ನರ ಕತ್ತರಿಸಿ, ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ್ದನ್ನೂ ಅವನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಹೀಗಿದ್ದೂ ಒಳ್ಳೆಯ ಈಡು ಯಾವುದು ಎಂಬ ಬಗ್ಗೆ ಅವನಿಗೆ ಸ್ಪಷ್ಟ ಕಲ್ಪನೆಯಿತ್ತು. 1617ರಲ್ಲಿ ನೂರ್‌ಜಹಾನ್ ಆನೆಯ ಅಂಬಾರಿಯೊಳಗಿಂದ ಆರು ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಕೆಡವಿದಾಗ ಅವನು ಹಿಗ್ಗಿದ್ದು ಸಂಖ್ಯೆಗಾಗಿ ಅಲ್ಲ. ಆರರಲ್ಲಿ ಒಂದೂ ಗುರಿ ತಪ್ಪಲಿಲ್ಲ, ಆ ಮೃಗಗಳಿಗೆ ನೆಗೆಯಲೂ ಅಲುಗಾಡಲೂ ಅವಕಾಶ ಸಿಗಲಿಲ್ಲ ಎಂಬುದೇ ಅವನ ಮೆಚ್ಚುಗೆಗೆ ಕಾರಣ.

ಗಾಯಗೊಂಡು ಕಣ್ಮರೆಯಾಗುವ ಮೃಗದ ಪ್ರಶ್ನೆ ಬಂದೂಕಿಗಿಂತ ಬಹಳ ಹಳೆಯದು. ಬಿಲ್ಲಿನ ಕಾಲದಲ್ಲೇ ಅದನ್ನು ಬಹಳ ಬಿಡಿಸಿ ಕೇಳಿದವರು ಒಬ್ಬರಿದ್ದರು. ಹಾತಿಂ ತಾಯಿಯ ಕಥೆಗಳನ್ನು ನಮ್ಮಲ್ಲಿ ಕೇಳದವರು ಕಡಿಮೆ. ದಾನಕ್ಕೆ ಹೆಸರಾದ ಆ ಅರಬ್ ಸರದಾರನ ಮಗ ಅದೀ ಬಿನ್ ಹಾತಿಮ್(ರ). ತಂದೆ ಇಸ್ಲಾಮಿಗೆ ಮೊದಲೇ ತೀರಿಕೊಂಡಿದ್ದ. ಮಗ ಕ್ರೈಸ್ತನಾಗಿದ್ದು ನಂತರ ಮದೀನಕ್ಕೆ ಬಂದು ಪ್ರವಾದಿ ಮುಹಮ್ಮದ್(ಸ)ರ ಅನುಯಾಯಿಯಾದವರು. ತಯ್ಯ್ ಬುಡಕಟ್ಟಿನವರು ಬೇಟೆಯಲ್ಲಿ ಪಳಗಿದವರು. ಆದ್ದರಿಂದ ಅದೀ(ರ)ಯವರ ಪ್ರಶ್ನೆಗಳು ಪುಸ್ತಕದ ಪ್ರಶ್ನೆಗಳಲ್ಲ, ಕಾಡಿನಿಂದ ಬಂದವು. ನಾವು ಬೇಟೆನಾಯಿಗಳನ್ನು ಬಿಡುತ್ತೇವೆ, ಅವು ಕೊಂದು ತಂದರೆ? ನಮ್ಮ ನಾಯಿಯ ಜೊತೆ ಬೇರೆ ನಾಯಿಯೂ ಸೇರಿಕೊಂಡಿದ್ದರೆ? ಬಾಣ ತಗಲಿದ ಮೃಗ ಒಂದೆರಡು ದಿನ ಕಳೆದು ಸಿಕ್ಕರೆ?

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿರುವ ಉತ್ತರಗಳ ಸಾರ ಹೀಗಿದೆ. ಪಳಗಿಸಿದ ನಾಯಿಯನ್ನು ದೇವನಾಮ ಹೇಳಿ ಬಿಟ್ಟಿದ್ದರೆ ಅದು ನಿನಗಾಗಿ ಹಿಡಿದದ್ದನ್ನು ತಿನ್ನಬಹುದು. ಬೇರೆ ನಾಯಿ ಸೇರಿಕೊಂಡಿದ್ದರೆ ಬೇಡ, ಕೊಂದದ್ದು ಯಾವುದೆಂದು ನಿನಗೆ ತಿಳಿಯದು. ಮೊಂಡು ಕೋಲು ಚೂಪು ತುದಿಯಿಂದ ಚುಚ್ಚಿ ಕೊಂದರೆ ಸರಿ. ಅಡ್ಡಲಾಗಿ ಬಡಿದು ಕೊಂದರೆ ಅದು ಹೊಡೆತಕ್ಕೆ ಸತ್ತದ್ದು, ಬೇಡ. ಬಾಣ ತಗಲಿ ಹೋದ ಮೃಗ ಒಂದೆರಡು ದಿನದ ಮೇಲೆ ಸಿಕ್ಕಿ, ಅದರ ಮೈಮೇಲೆ ನಿನ್ನ ಬಾಣದ ಗುರುತಲ್ಲದೆ ಬೇರೇನೂ ಇಲ್ಲದಿದ್ದರೆ ತಿನ್ನಬಹುದು. ನೀರಿನಲ್ಲಿ ಬಿದ್ದು ಸತ್ತಿದ್ದರೆ ಬೇಡ, ಕೊಂದದ್ದು ನೀರೋ ನಿನ್ನ ಬಾಣವೋ ನಿನಗೆ ತಿಳಿಯದು.

ತಿಳಿಯದು ಎಂಬ ಆ ಕಾರಣ ಎರಡು ಸಲ ಬರುವುದನ್ನು ಗಮನಿಸಬೇಕು. ಸಂಶಯ ಬಂದರೆ ಅದರ ನಷ್ಟ ಬೇಟೆಗಾರನಿಗೆ. ಅವನ ಶ್ರಮ, ಅವನ ಬಾಣ, ಅವನ ಹಸಿವು ಎಲ್ಲವೂ ಹೋಯಿತು. ದೂರದಿಂದ ಅಂದಾಜಿನ ಮೇಲೆ ಬಾಣ ಬಿಟ್ಟವನಿಗೆ ಈ ನಷ್ಟ ಪದೇ ಪದೇ ಆಗುತ್ತದೆ. ಹತ್ತಿರ ಹೋಗಿ ನೋಡಿ ಬಿಟ್ಟವನಿಗೆ ಅಪರೂಪ.

ಇವೆಲ್ಲ ಪ್ರಾಣಿದಯೆಯ ನಿಯಮಗಳೆಂದು ಹೇಳಿಬಿಟ್ಟರೆ ಅದು ಅತಿಶಯವಾದೀತು. ಮೂಲತಃ ಇವು ಊಟದ ನಿಯಮಗಳು, ಯಾವುದು ತಿನ್ನಲು ಯೋಗ್ಯ ಎಂಬುದರ ನಿರ್ಣಯ. ಆದರೆ ನಂತರದ ಕರ್ಮಶಾಸ್ತ್ರಜ್ಞರು ಅವುಗಳ ಮೇಲೆ ಕಟ್ಟಿದ ಕಟ್ಟಡ ಬೇಟೆಗಾರನ ಕಾಲನ್ನೂ ಕೈಯನ್ನೂ ಕಟ್ಟುತ್ತದೆ. ಫರ್ಗಾನದ ಮರ್ಗೀನಾನೀ (ಮರಣ 1197) ಬರೆದ ‘ಹಿದಾಯ’ ಹನಫಿ ಪಂಥದ ಮುಖ್ಯ ಗ್ರಂಥ. ನಮ್ಮ ದೇಶದಲ್ಲಿ ಶತಮಾನಗಳ ಕಾಲ ಕಾಝಿಗಳ ಕೈಯಲ್ಲಿದ್ದ ಪುಸ್ತಕ. ವಾರನ್ ಹೇಸ್ಟಿಂಗ್ಸ್‌ನ ಆಸಕ್ತಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ ಮಾಡಿದ ಅದರ ಇಂಗ್ಲಿಷ್ ಅನುವಾದ 1791ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಕಂಪೆನಿಯ ನ್ಯಾಯಾಲಯಗಳಿಗೂ ಬಂತು. ಅದರ ಬೇಟೆಯ ಅಧ್ಯಾಯದಲ್ಲಿ ಎರಡು ಮಾತುಗಳಿವೆ.

ಮೊದಲನೆಯದು, ಬಾಣ ತಗಲಿದ ಮೃಗ ಕಣ್ಮರೆಯಾದರೆ ಬೇಟೆಗಾರ ಹುಡುಕುತ್ತಲೇ ಇರಬೇಕು. ಹುಡುಕುತ್ತ ಹೋಗಿ ಅದು ಸತ್ತು ಬಿದ್ದದ್ದು ಸಿಕ್ಕರೆ ತಿನ್ನಬಹುದು. ಹುಡುಕುವುದನ್ನು ಬಿಟ್ಟು ಕುಳಿತವನಿಗೆ ಅದೇ ಮೃಗ, ಅದೇ ಬಾಣದಿಂದ ಸತ್ತದ್ದು, ಆಮೇಲೆ ಸಿಕ್ಕರೂ ತಿನ್ನುವಂತಿಲ್ಲ. ಅಂದರೆ ಬಾಣ ಬಿಟ್ಟಲ್ಲಿಗೆ ಬೇಟೆಗಾರನ ಕೆಲಸ ಮುಗಿಯುವುದಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯಕರ. ಒಬ್ಬನ ಬಾಣ ಮೃಗಕ್ಕೆ ತಗಲಿತು, ಆದರೆ ಅದು ಸೋಲದೆ ಓಡುತ್ತಲೇ ಇತ್ತು. ಇನ್ನೊಬ್ಬ ಹೊಡೆದು ಕೆಡವಿದ. ಮೃಗ ಯಾರದ್ದು? ಎರಡನೆಯವನದ್ದು. ಓಡಲಾರದಂತೆ ಮಾಡಿದವನಿಗೆ ಹಕ್ಕು, ಬರಿದೆ ಗಾಯ ಮಾಡಿದವನಿಗೆ ಏನೂ ಇಲ್ಲ. ಈ ಸಣ್ಣ ನಿಯಮವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಏಳುನೂರು ವರ್ಷಗಳ ನಂತರ ನಮ್ಮ ಕಾಡುಗಳಲ್ಲಿ ಇದರ ತಲೆಕೆಳಗಾದ ನಿಯಮವೊಂದು ಬಂತು.

ಅದಕ್ಕೆ ಮೊದಲು ಬಂದೂಕು ಬಂತು. ಬಂದೂಕಿನ ಗುಂಡು ಚುಚ್ಚುತ್ತದೆಯೋ ಬಡಿಯುತ್ತದೆಯೋ? ಬಾಣದಂತೆ ಹರಿತವಾದ ಅಲಗು ಅದಕ್ಕಿಲ್ಲ. ಡಮಾಸ್ಕಸ್ಸಿನ ಇಬ್ನು ಆಬಿದೀನ್ (ಮರಣ 1836) ಮೊದಲಾದ ಹನಫಿ ವಿದ್ವಾಂಸರು ಅದು ವೇಗ ಮತ್ತು ಭಾರದಿಂದ ಕೊಲ್ಲುತ್ತದೆ, ಆದ್ದರಿಂದ ಕೋಲಿನ ಹೊಡೆತಕ್ಕೆ ಸಮ ಎಂದರು. ಅವರ ಸಮಕಾಲೀನರಾದ ಯಮನಿನ ಶೌಕಾನೀ (ಮರಣ 1834) ಅದು ಮೈಯನ್ನು ತೂರಿಕೊಂಡು ಹೋಗುತ್ತದೆ, ಆದ್ದರಿಂದ ಬಾಣದಂತೆಯೇ ಎಂದರು. ಮಾಲಿಕಿ ಪಂಥದವರೂ ಗುಂಡನ್ನು ಒಪ್ಪಿದರು. ನಮ್ಮ ನಾಡಿನಲ್ಲಿ ನಡೆದುಬಂದದ್ದು ಮೊದಲ ಅಭಿಪ್ರಾಯ. ಗುಂಡು ತಗಲಿ ಬಿದ್ದ ಮೃಗ ಜೀವಂತವಾಗಿ ಸಿಕ್ಕಿ, ಬಿಸ್ಮಿ ಹೇಳಿ ಕೊಯ್ದರೆ ಮಾತ್ರ ಹಲಾಲ್.

ಇದರ ಪರಿಣಾಮ ಏನಾಯಿತೆಂದು ನಾನು ತಿಳಿದದ್ದು ಗ್ರಂಥಗಳಿಂದಲ್ಲ. ಮಲೆನಾಡಿನ ನಮ್ಮೂರಿನಲ್ಲಿ ಒಬ್ಬ ಹಿರಿಯರಿದ್ದರು, ಎಲ್ಲರೂ ಅವರನ್ನು ಶಿಕಾರಿ ಸಾಬರೆಂದೇ ಕರೆಯುತ್ತಿದ್ದರು. ನಾನು ಕಾಣುವ ಹೊತ್ತಿಗೆ ಅವರ ಕೇಪಿನ ಕೋವಿ ಠಾಣೆಗೆ ಸೇರಿ ಎಷ್ಟೋ ವರ್ಷಗಳಾಗಿದ್ದವು, ಬೇಟೆಯ ಕಾಲವೂ ಮುಗಿದಿತ್ತು. ಮಗ್ರಿಬ್ ನಮಾಝಿನ ನಂತರ ಮಸೀದಿಯ ಕಟ್ಟೆಯಲ್ಲಿ ಕುಳಿತು ಕತೆ ಹೇಳುತ್ತಿದ್ದರು. ಒಮ್ಮೆ ನಾನು ಹುಡುಗುಬುದ್ಧಿಯಿಂದ, “ಚಾಚಾ, ನಿಮ್ಮ ಕೋವಿ ಎಷ್ಟು ದೂರ ಹೊಡೀತಿತ್ತು?” ಎಂದು ಕೇಳಿದೆ. ಅವರು ಕೋವಿಯ ಲೆಕ್ಕ ಹೇಳಲಿಲ್ಲ. ಸೊಂಟ ಮುಟ್ಟಿ ತೋರಿಸಿ, “ಚೂರಿ ತಲುಪೋವಷ್ಟು ದೂರ ಮಾರಾಯ” ಎಂದರು. ಈಡು ಹೊಡೆದ ಮೇಲೆ ಕೋವಿ ಎಸೆದು ಓಡಬೇಕು, ಕಣ್ಣಿನಲ್ಲಿ ಬೆಳಕು ಇರುವಾಗಲೇ ಮುಟ್ಟಬೇಕು. ಹಳ್ಳದ ಆಚೆ, ಕಣಿವೆಯ ಆಚೆ ನಿಂತ ಮೃಗಕ್ಕೆ ಕೋವಿ ಎತ್ತಿ ಏನು ಪ್ರಯೋಜನ? ಒಂದೇ ಒಂದು ಸಲ ಹಳ್ಳದ ಆಚೆ ದಡದ ಕಡವೆಗೆ ಹೊಡೆದಿದ್ದರಂತೆ. ಮಳೆ ಬಂದು ಹಳ್ಳ ತುಂಬಿತ್ತು. ದಾಟಿ ಹೋಗುವಷ್ಟರಲ್ಲಿ ಕತ್ತಲೆ. ಮೂರು ದಿನ ಹುಡುಕಿದರೂ ಸಿಗಲಿಲ್ಲ. ನಾಲ್ಕನೆಯ ದಿನ ಹದ್ದುಗಳು ತೋರಿಸಿದವು. ಆ ಕತೆಯನ್ನು ಅವರು ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಹದ್ದಿನ ಮಾತಿಗೆ ಬಂದು ನಿಲ್ಲಿಸುತ್ತಿದ್ದರು.

ಗುಂಡು ತಲುಪುವ ದೂರ ಮತ್ತು ಚೂರಿ ತಲುಪುವ ದೂರ ಬಹಳ ಕಾಲ ಹೆಚ್ಚುಕಡಿಮೆ ಒಂದೇ ಆಗಿದ್ದವು. ನಯವಾದ ನಳಿಗೆಯ ಕೋವಿಯಿಂದ ನಂಬಿ ಹೊಡೆಯಬಹುದಾದದ್ದು ಐವತ್ತು, ಅರವತ್ತು ಗಜ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡೂ ಬೇರೆಯಾದವು. ನಳಿಗೆಯೊಳಗೆ ಸುರುಳಿಗೆರೆ ಕೊರೆದ ರೈಫಲ್, ಹಿಂದಿನಿಂದ ತುಂಬುವ ತೋಟೆ, ಹೊಗೆಯಿಲ್ಲದ ಮದ್ದು ಒಂದರ ಹಿಂದೊಂದು ಬಂದವು. ಮೊದಲ ಮಹಾಯುದ್ಧದ ಕಾಲದ .303 ರೈಫಲ್‌ನ ಮೇಲೆ ಗುರಿಪಟ್ಟಿ ಎರಡು ಸಾವಿರ ಗಜದವರೆಗೆ ಗೆರೆ ಹಾಕಿಕೊಂಡಿತ್ತು. ಆ ಗೆರೆ ಸೈನ್ಯದ ಅಗತ್ಯಕ್ಕೆ ಹಾಕಿದ್ದು. ಆದರೆ ಕೈಯಲ್ಲಿ ಹಿಡಿದವನಿಗೆ ಅದೊಂದು ಆಹ್ವಾನ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಐವತ್ತು ಗಜದಲ್ಲಿ ಎರಡು ಅಂಗುಲ ತಪ್ಪುವ ಕೈ ಮುನ್ನೂರು ಗಜದಲ್ಲಿ ಹನ್ನೆರಡು ಅಂಗುಲ ತಪ್ಪುತ್ತದೆ. ಜಿಂಕೆಯ ಎದೆಯಲ್ಲಿ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಎರಡು ಅಂಗೈಗಳನ್ನು ಜೋಡಿಸಿಟ್ಟಷ್ಟು. ಹನ್ನೆರಡು ಅಂಗುಲ ಆಚೆ ಹೋದರೆ ಅದು ಹೊಟ್ಟೆ, ಕೆಳಗೆ ಹೋದರೆ ಕಾಲು. ಹತ್ತಿರದಲ್ಲಿ ತಪ್ಪಿಯೂ ಕೊಲ್ಲುವ ಗುಂಡು ದೂರದಲ್ಲಿ ತಪ್ಪಿದರೆ ಗಾಯ ಮಾಡುತ್ತದೆ. ಇದು ಕೈಯ ತಪ್ಪು ಮಾತ್ರ. ಮುನ್ನೂರು ಗಜ ಕ್ರಮಿಸಲು .303ರ ಗುಂಡಿಗೆ ಅರ್ಧ ಸೆಕೆಂಡಿಗೆ ಹತ್ತಿರ ಸಮಯ ಬೇಕು. ಅಷ್ಟರಲ್ಲಿ ಮೇಯುವ ಜಿಂಕೆ ಒಂದು ಹೆಜ್ಜೆ ಇಡುತ್ತದೆ. ಆ ಹೆಜ್ಜೆಯನ್ನು ಯಾವ ಗುರಿಕಾರನೂ ಮೊದಲೇ ಕಾಣಲಾರ. ಆದ್ದರಿಂದ ದೂರದ ಈಡಿನ ಪ್ರಶ್ನೆಯನ್ನು ಕೇವಲ ಜಾಣ್ಮೆಯ ಪ್ರಶ್ನೆಯೆಂದು ವಾದಿಸುವವರ ಮಾತು ನಿಲ್ಲುವುದಿಲ್ಲ.

ನೀಲಗಿರಿಯ ಹುಲ್ಲುಗಾವಲುಗಳಲ್ಲಿ ಈ ಪ್ರಶ್ನೆ ಅಕ್ಷರಶಃ ಪ್ರಪಾತದ ಅಂಚಿಗೆ ಬಂದು ನಿಂತಿತು. ಅಲ್ಲಿನ ಕಡಿದಾದ ಬಂಡೆಗಳ ಮೇಲೆ ಬದುಕುವ ವರೆಯಾಡನ್ನು ಇಂಗ್ಲಿಷರು ‘ಐಬೆಕ್ಸ್’ ಎಂದು ಕರೆದು ಅದರ ಬೇಟೆಗೆ ಮರುಳಾದರು. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ, ನಡುವೆ ಕಣಿವೆ. ಗುಂಡು ತಾಗಿದ ಮೃಗ ಕೆಳಗೆ ಉರುಳಿದರೆ ಮನುಷ್ಯ ಇಳಿಯಲಾರದ ಕಮರಿ. ಎತ್ತರದಿಂದ ಬಿದ್ದು ಸತ್ತದ್ದನ್ನು ಕುರ್‌ಆನ್ ನಿಷಿದ್ಧ ಆಹಾರಗಳ ಸಾಲಿನಲ್ಲೇ ಸೇರಿಸಿದೆ. ಹಳೆಯ ಕರ್ಮಶಾಸ್ತ್ರಜ್ಞರು ಬಾಣ ತಗಲಿ ಬೆಟ್ಟದಿಂದ ಉರುಳಿದ ಮೃಗದ ಕುರಿತು ಚರ್ಚಿಸಿದ್ದೂ ಇದೇ ನೆಲೆಯಲ್ಲಿ. ಸಾಹೇಬರಿಗೆ ಆ ಚಿಂತೆ ಇರಲಿಲ್ಲ, ಅವರಿಗೆ ಬೇಕಾದದ್ದು ಮಾಂಸವಲ್ಲ, ಕೊಂಬು.

ಈಗ ಆ ತಲೆಕೆಳಗಾದ ನಿಯಮದ ಮಾತು. ಬ್ರಿಟಿಷ್ ಕಾಲದ ಶಿಕಾರಿ ಕೂಟಗಳಲ್ಲಿ ನಾಲ್ಕಾರು ಬಂದೂಕುಗಳು ಒಟ್ಟಿಗೆ ಹೋಗುತ್ತಿದ್ದವು. ಕೆಡವಿದ ಹುಲಿಯ ಚರ್ಮ, ಸಾಂಬಾರದ ಕೊಂಬು ಯಾರಿಗೆ ಸೇರಬೇಕು? ಮೊದಲ ರಕ್ತ ಹರಿಸಿದವನಿಗೆ ಎಂಬುದು ರೂಢಿ. ಕೊಂದವನು ಯಾರೇ ಇರಲಿ, ಮೊದಲ ಗುಂಡು ಯಾರದ್ದು ಮೈಗೆ ತಾಗಿತೋ ಅವನದ್ದು ಮೃಗ. ಜಗಳ ತಪ್ಪಿಸಲು ಮಾಡಿಕೊಂಡ ಸರಳ ವ್ಯವಸ್ಥೆ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅದು ಮಾಡುತ್ತಿದ್ದ ಕೆಲಸವೇನು? ಹತ್ತಿರ ಬರಲೆಂದು ಕಾಯುವವನು ಸೋಲುತ್ತಾನೆ. ದೂರದಿಂದಲೇ, ಪೊದೆಯ ಸಂದಿನಿಂದಲೇ, ಹೇಗಾದರೂ ಒಂದು ಗುಂಡು ಮೈಗೆ ತಾಗಿಸಿದವನು ಗೆಲ್ಲುತ್ತಾನೆ. ಹಿದಾಯದ ಕರ್ತೃ ಯಾವ ಗಾಯಕ್ಕೆ ಕವಡೆಯ ಬೆಲೆಯನ್ನೂ ಕೊಡಲಿಲ್ಲವೋ ಅದೇ ಗಾಯಕ್ಕೆ ಇಲ್ಲಿ ಬಹುಮಾನ.

ಅವರಲ್ಲಿ ಒಳ್ಳೆಯ ಬೇಟೆಗಾರರೂ ಇದ್ದರು, ಗಾಯಗೊಂಡ ಹುಲಿಯನ್ನು ಕಾಲ್ನಡಿಗೆಯಲ್ಲಿ ಪೊದೆಯೊಳಗೆ ಹುಡುಕಿಕೊಂಡು ಹೋಗುವುದು ಮರ್ಯಾದೆಯ ಕರ್ತವ್ಯವೆಂದು ನಂಬಿದ್ದರು, ಹಾಗೆ ಹೋಗಿ ಸತ್ತವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಆದರೆ ಅದು ಮರ್ಯಾದೆಯಾಗಿಯೇ ಉಳಿಯಿತು, ಕಾನೂನಾಗಲಿಲ್ಲ. 1879ರಲ್ಲಿ ನೀಲಗಿರಿಗೆಂದೇ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯ್ದೆ ಬಂತು. 1901ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅಂಥದೇ ರೆಗ್ಯುಲೇಷನ್ ಬಂತು. 1912ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಕಾಡುಪ್ರಾಣಿ ಪಕ್ಷಿಗಳ ಕಾಯ್ದೆಯಾಯಿತು. ಯಾವ ತಿಂಗಳು ಬೇಟೆ ನಿಷೇಧ, ಯಾರಿಗೆ ಪರವಾನಗಿ ಎಂಬುದರ ಸುತ್ತಲೇ ಈ ಕಾನೂನುಗಳು ತಿರುಗಿದವು.

ಬೆನ್ನು ಹತ್ತದೆ ಬಿಟ್ಟ ಗಾಯದ ಸಾಲವನ್ನು ತೀರಿಸಿದವರು ಯಾರು? ತೇಜಸ್ವಿಯವರ ಅನುವಾದಗಳ ಮೂಲಕ ಕನ್ನಡಿಗರಿಗೆ ಮನೆಮಾತಾದ ಜಿಮ್ ಕಾರ್ಬೆಟ್ ಇದಕ್ಕೆ ಕೊಡುವ ಉತ್ತರ ನೇರವಾಗಿದೆ. ಹುಲಿ ನರಭಕ್ಷಕವಾಗಲು ಅವನು ಕಂಡ ಮುಖ್ಯ ಕಾರಣಗಳಲ್ಲಿ ಮೊದಲನೆಯದು ಅಜಾಗರೂಕತೆಯಿಂದ ಹಾರಿಸಿ, ಹುಡುಕದೆ ಬಿಟ್ಟ ಗುಂಡಿನ ಗಾಯ. ಅವನು 1907ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಕೊಂದ ಹೆಣ್ಣುಹುಲಿ ನೇಪಾಳದಲ್ಲಿ 200 ಮಂದಿಯನ್ನು ತಿಂದು, ಅಲ್ಲಿಂದ ಅಟ್ಟಲ್ಪಟ್ಟು ಈಚೆ ಬಂದು ಒಟ್ಟು 436 ಮಂದಿಯನ್ನು ಕೊಂದಿತ್ತೆಂಬುದು ಅವನ ಲೆಕ್ಕ. ಸತ್ತ ಮೇಲೆ ಬಾಯಿ ತೆರೆದು ನೋಡಿದರೆ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದ್ದು ಮೂಳೆಯವರೆಗೆ. ಹಳೆಯ ಗುಂಡೇಟು. ತನ್ನ ಸಹಜ ಆಹಾರವನ್ನು ಹಿಡಿಯಲಾರದ ಹುಲಿ ಓಡಲಾರದ ಮನುಷ್ಯರ ಕಡೆಗೆ ತಿರುಗಿತ್ತು. ಆ ಗುಂಡು ಹಾರಿಸಿದವನ ಹೆಸರು ಕಾರ್ಬೆಟ್‌ನ ಪುಸ್ತಕದಲ್ಲಿಲ್ಲ.

ಸತ್ತವರಲ್ಲಿ ಬಹಳಷ್ಟು ಮಂದಿ ಯಾರೆಂದು ನೋಡಿ. ದನಕ್ಕೆ ಸೊಪ್ಪು ತರಲು ಮರ ಹತ್ತಿದ ಹೆಂಗಸರು, ಹುಲ್ಲು ಕೊಯ್ಯಲು ಹೋದವರು, ಸೌದೆಗೆ ಹೋದವರು. ಕೊನೆಯ ಬಲಿ ಒಣಗಿದ ಕಡ್ಡಿ ಆರಿಸುತ್ತಿದ್ದ ಹದಿಹರೆಯದ ಹುಡುಗಿ. ಒಬ್ಬಾಕೆಯಂತೂ ತನ್ನ ಅಕ್ಕನನ್ನು ಕಚ್ಚಿಕೊಂಡು ಹೋದ ಹುಲಿಯ ಹಿಂದೆ ಓಡಿ, ಹೆದರಿಕೆಗೆ ಮಾತೇ ನಿಂತುಹೋಗಿದ್ದವಳು. ಕಾರ್ಬೆಟ್ ಹುಲಿಯ ಚರ್ಮವನ್ನು ತಂದು ತೋರಿಸಿದ ದಿನ ಅವಳಿಗೆ ಮಾತು ಮರಳಿತು. ಇವರಲ್ಲಿ ಯಾರೂ ಬಂದೂಕು ಮುಟ್ಟಿದವರಲ್ಲ. ಶಿಕಾರಿಯ ಇತಿಹಾಸವನ್ನು ನಾವು ಯಾವಾಗಲೂ ಬಂದೂಕಿನ ಹಿಂಬದಿಯಲ್ಲಿ ನಿಂತು ಓದುತ್ತೇವೆ. ಮುರಿದ ಹಲ್ಲಿನ ಬದಿಯಿಂದ, ಸೊಪ್ಪಿನ ಹೊರೆಯ ಬದಿಯಿಂದ ಓದಿದರೆ ಅದು ಬೇರೆಯೇ ಇತಿಹಾಸ. ಬೆಳೆ ಕಾಯಲು ರೈತರು ಇಟ್ಟುಕೊಂಡಿದ್ದ ನಾಡಕೋವಿಗಳ ಚರೆಯಿಂದಲೂ ಹುಲಿ ಚಿರತೆಗಳು ಕುಂಟಾದದ್ದುಂಟು, ತಪ್ಪೆಲ್ಲ ಸಾಹೇಬರದ್ದೇ ಅಲ್ಲ. ಆದರೆ ರಾತ್ರಿಯಿಡೀ ಗದ್ದೆಯ ಅಟ್ಟಣೆಯಲ್ಲಿ ಚಳಿಗೆ ನಡುಗುತ್ತ ಕುಳಿತವನ ಈಡನ್ನೂ ಗೋಡೆಯ ಮೇಲೆ ಕೊಂಬು ತೂಗುಹಾಕಲು ಹೊಡೆದ ಈಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ.

ಸ್ವಾತಂತ್ರ್ಯಾನಂತರ ಜೀಪು ಮತ್ತು ಸರ್ಚ್‌ಲೈಟು ಬಂದು ಪರಿಸ್ಥಿತಿ ಇನ್ನೂ ಕೆಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆರಂಭದಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ, ಪರವಾನಗಿಗೆ ಒಳಪಡಿಸಿತ್ತು. ವಾಹನದಿಂದ ಹೊಡೆಯಬಾರದು, ರಾತ್ರಿ ಹೊಡೆಯಬಾರದು, ನೀರು ಕುಡಿಯುವ ಜಾಗದಲ್ಲಿ ಹೊಂಚು ಹಾಕಬಾರದು, ದೊಡ್ಡ ಮೃಗಗಳಿಗೆ ರೈಫಲ್ಲೇ ಆಗಬೇಕು ಎಂಬ ನಿಬಂಧನೆಗಳಿದ್ದವು. ಇಷ್ಟೇ ದೂರದಿಂದ ಎಂಬ ಮಿತಿ ಅವುಗಳಲ್ಲಿ ಇರಲಿಲ್ಲ. ಆದರೆ ಈ ಕಾಯ್ದೆ ಮಾಡಿದ ಒಂದು ಮುಖ್ಯ ಕೆಲಸವೆಂದರೆ ‘ಬೇಟೆ’ ಎಂಬ ಪದದ ಅರ್ಥವನ್ನು ಹಿಗ್ಗಿಸಿದ್ದು. ಕೊಲ್ಲುವುದು ಮಾತ್ರವಲ್ಲ, ಕೊಲ್ಲಲು ಪ್ರಯತ್ನಿಸುವುದು, ಮೈಯ ಯಾವುದೇ ಭಾಗಕ್ಕೆ ಗಾಯ ಮಾಡುವುದು ಕೂಡ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ. ಗುಂಡು ತಪ್ಪಿತು, ಪ್ರಾಣಿ ಓಡಿಹೋಯಿತು ಎಂಬುದು ರಕ್ಷಣೆಯಾಗುವುದಿಲ್ಲ. 1991ರ ತಿದ್ದುಪಡಿಯೊಂದಿಗೆ ಪರವಾನಗಿಯ ಬೇಟೆಯೂ ಮುಗಿಯಿತು. ಈಗ ಉಳಿದಿರುವುದು ಮನುಷ್ಯರಿಗೆ ಅಪಾಯ ತಂದ ಪ್ರಾಣಿಯ ವಿಷಯದಲ್ಲಿ ಅಧಿಕಾರಿಗಳ ಲಿಖಿತ ಆದೇಶ, ಮತ್ತು ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಮಾಡಿದ ಕೃತ್ಯಕ್ಕೆ ವಿನಾಯಿತಿ. ನೂರಾರು ಗಜ ದೂರದಲ್ಲಿ ತನ್ನ ಪಾಡಿಗೆ ಮೇಯುವ ಪ್ರಾಣಿಗೆ ಗುಂಡು ಹಾರಿಸಿದವನು ಆ ವಿನಾಯಿತಿಯನ್ನು ಕೇಳುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದದ್ದು, ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗೆ ಅಲ್ಲ.

ಆದರೂ ಕದ್ದು ಬೇಟೆಯಾಡುವುದು ನಿಂತಿಲ್ಲ. ಹಂದಿಯೆಂದು ತಿಳಿದು ಅಲುಗುವ ಪೊದೆಗೆ ಈಡು ಹೊಡೆದು ಜೊತೆಗಾರನೇ ಸತ್ತ ಸುದ್ದಿಯನ್ನು ಮಲೆನಾಡಿನ ಪತ್ರಿಕೆ ಓದುಗರು ಎಷ್ಟು ಸಲ ಓದಿಲ್ಲ? ಕಾಣದ್ದಕ್ಕೆ ಗುರಿಯಿಡುವುದು ಕೂಡ ದೂರದ ಈಡಿನ ಒಡಹುಟ್ಟು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿದೆ. ಎರಡು ಮನೆಗಳು ಹಾಳಾಗುವುದಕ್ಕೆ ಯಾವ ಕಲಮೂ ಪರಿಹಾರವಲ್ಲ, ಆ ಮಾತು ಬೇರೆ.

ಬೇಟೆ ಇಂದಿಗೂ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಈ ವಿವಾದ ಜೋರಾಗಿಯೇ ಇದೆ. ಅಮೆರಿಕದಲ್ಲಿ ದೂರ ಅಳೆಯುವ ಲೇಸರ್ ಉಪಕರಣ ಮತ್ತು ಗಾಳಿಯ ಲೆಕ್ಕ ಹಾಕುವ ದೂರದರ್ಶಕಗಳು ಮಾರಾಟವಾಗುತ್ತಿವೆ. ಥಿಯೋಡೋರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು, ತಾನೇ ಬೇಟೆಗಾರರ ಸಂಸ್ಥೆಯಾಗಿದ್ದೂ, ಮೃಗಕ್ಕೆ ಮನುಷ್ಯನ ಸುಳಿವು ಹತ್ತುವ ಅವಕಾಶವೇ ಇಲ್ಲದಷ್ಟು ದೂರದಿಂದ ಹೊಡೆಯುವುದನ್ನು ನ್ಯಾಯವಾದ ಬೇಟೆಯೆಂದು ಒಪ್ಪುವುದಿಲ್ಲ. ಜರ್ಮನಿ ಇನ್ನೂ ಮುಂದೆ ಹೋಗಿದೆ. ಗಾಯಗೊಂಡ ಮೃಗವನ್ನು ಅನಗತ್ಯ ನೋವಿನಿಂದ ಬಿಡಿಸಲು ತಡಮಾಡದೆ ಕೊಲ್ಲಬೇಕೆಂಬುದು ಅಲ್ಲಿ ಬೇಟೆಗಾರನ ಔದಾರ್ಯಕ್ಕೆ ಬಿಟ್ಟ ಮಾತಲ್ಲ, ಒಕ್ಕೂಟದ ಬೇಟೆ ಕಾಯ್ದೆಯ 22ಎ ಕಲಮು. ಹುಡುಕುತ್ತಲೇ ಇರಬೇಕು ಎಂದ ಮರ್ಗೀನಾನಿಯ ಮಾತಿಗೂ ಈ ಕಲಮಿಗೂ ಇರುವ ದೂರ ಎಂಟು ಶತಮಾನ.

ನಮ್ಮಲ್ಲಿ ಇಂದು ಸರಕಾರದ ಆದೇಶದ ಮೇರೆಗೆ ಕಾಡುಪ್ರಾಣಿಯ ಮೇಲೆ ಹಾರುವುದು ಹೆಚ್ಚಾಗಿ ಸೀಸದ ಗುಂಡಲ್ಲ, ಅರಿವಳಿಕೆಯ ಚುಚ್ಚುಮದ್ದು. ಆ ಕೋವಿಯ ಅಳವು ಕೆಲವೇ ಹತ್ತು ಮೀಟರುಗಳು. ಹೆಚ್ಚು ದೂರದಿಂದ ಹೊಡೆದರೆ ಸೂಜಿ ಸರಿಯಾದ ಸ್ನಾಯುವಿಗೆ ನಾಟುವುದಿಲ್ಲ, ಮದ್ದು ಅರ್ಧಂಬರ್ಧ ಹೋಗುತ್ತದೆ. ಹತ್ತಿರ ಹೋಗಲೇಬೇಕು. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ, ಇನ್ನೊಂದು ಸಲಗದೊಂದಿಗೆ ಕಾದಾಡಿ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಅರಣ್ಯ ಇಲಾಖೆಯವರು ಹೋಗಿದ್ದರು. ಅರಿವಳಿಕೆ ಹೊಡೆಯುವುದರಲ್ಲಿ ಇಡೀ ಜಿಲ್ಲೆಯಲ್ಲಿ ಹೆಸರಾಗಿದ್ದ, ಜನ ‘ಆನೆ’ ಎಂಬ ಪದವನ್ನು ಹೆಸರಿನೊಂದಿಗೆ ಸೇರಿಸಿಯೇ ಕರೆಯುತ್ತಿದ್ದ ಗುರಿಕಾರರೊಬ್ಬರು ಕೋವಿ ಹಿಡಿದು ಮುಂದೆ ನಡೆದರು. ಮದ್ದು ತಗಲಿದ ಆನೆ ಹಿಂತಿರುಗಿ ಅಟ್ಟಿಸಿಕೊಂಡು ಬಂತು. ಓಡುವಾಗ ಅವರು ಎಡವಿ ಬಿದ್ದರು. ಆನೆ ಅವರನ್ನು ತುಳಿಯಿತು. ಆಸ್ಪತ್ರೆಗೆ ಸೇರಿಸಿದರೂ ಅವರು ಉಳಿಯಲಿಲ್ಲ.